ಸಣ್ಣ ಪಕ್ಷಕ್ಕೆ ಹಾಕಿದ ವೋಟು ಹಾಳೇ?

ಪ್ರಶ್ನೆ: ನಾನು ಯಾವ ಪಕ್ಷದವನೂ ಅಲ್ಲ. ಮೂರು ದೊಡ್ಡ ಪಕ್ಷಗಳ ಮೇಲೂ ಬೇಸರ ಬಂದಿದೆ. ನಮ್ಮ ಏರಿಯಾದ ಕಸ, ಚರಂಡಿ ಎಂದು ಓಡಾಡುವ ಸಣ್ಣ ಪಕ್ಷದವರೊಬ್ಬರಿಗೆ ವೋಟು ಹಾಕೋಣವೆಂದರೆ, ‘ಅದು ದಂಡ’ ಎನ್ನುತ್ತಾರೆ ಮನೆಯವರು. ಏನು ಮಾಡಲಿ? – ಓದುಗರು, ಜಯನಗರ

ಉತ್ತರ: ಗೆದ್ದವರಿಗೆ ಬಿದ್ದ ವೋಟು ಮಾತ್ರ ಲೆಕ್ಕಕ್ಕೆ ಎನ್ನುವುದಾದರೆ ಎರಡನೇ ಸ್ಥಾನಕ್ಕೆ ಬಂದವರ ವೋಟೂ ದಂಡವೇ. ಆ ವಾದ ಬಿಡಿ. ಆದರೆ ಅಂತರ ನೋಡದೆ ವೋಟು ಹಾಕಬೇಡಿ. ನಿಮ್ಮ ಜಯನಗರದಲ್ಲೇ 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಗೆದ್ದದ್ದು ಬರೀ 16 ಮತಗಳಿಂದ. ಗಾಂಧಿನಗರದಲ್ಲಿ ಕಾಂಗ್ರೆಸ್ 105 ಮತಗಳಿಂದ ದಡ ಸೇರಿತು. ಇಂಥ ಕ್ಷೇತ್ರದಲ್ಲಿ ದೊಡ್ಡ ಪಕ್ಷದ ಇಬ್ಬರ ಪೈಕಿ ಒಬ್ಬರು ಗೆಲ್ಲಲೇಬಾರದು ಎಂದು ನಿಮಗೆ ಅನಿಸಿದ್ದರೆ, ಮೂರನೆಯವರಿಗೆ ಹಾಕುವ ವೋಟಿಗೆ ಬೆಲೆ ತೆರಬೇಕಾಗಬಹುದು. ಅಂತರ ಹತ್ತಾರು ಸಾವಿರ ಇರುವ ಕಡೆ ಆ ಅಂಜಿಕೆ ಬೇಡ.

ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟಿನಲ್ಲಿ ಹಿಂದಿನ ಚುನಾವಣೆಯ ನಮೂನೆ 20 ಹುಡುಕಿ. ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು, ನೋಟಾಕ್ಕೆ (‘ಮೇಲಿನ ಯಾರೂ ಬೇಡ’ ಎಂಬ ಗುಂಡಿ) ಎಷ್ಟು ಎಂದು ಸಾಲುಸಾಲಾಗಿ ಇರುತ್ತದೆ. ಬೂತ್ ಸಂಖ್ಯೆ ಆಗಾಗ ಬದಲಾಗುವುದರಿಂದ ಸಂಖ್ಯೆಯನ್ನೇ ನಂಬಿ ಕೂರಬೇಡಿ, ಮತಗಟ್ಟೆ ಇದ್ದ ಶಾಲೆಯ ಹೆಸರನ್ನೂ ತಾಳೆ ನೋಡಿ. ನಿಮ್ಮ ಅಭ್ಯರ್ಥಿ ಹಿಂದೆಯೂ ನಿಂತಿದ್ದರೆ, ಅವರ ಬಲ ಎರಡು ಬೀದಿಗಷ್ಟೇ ಸೀಮಿತವೋ ಕ್ಷೇತ್ರದ ತುಂಬ ಹರಡಿದೆಯೋ ಅಲ್ಲೇ ತಿಳಿಯುತ್ತದೆ.

ಸೋತರೂ ಆ ವೋಟುಗಳಿಗೆ ಕೆಲಸವಿದೆ. ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಠೇವಣಿ ಉಳಿಯುತ್ತದೆ (ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟರಿಗೆ ಅದರರ್ಧ). ರಾಜ್ಯದಲ್ಲಿ ಶೇ. 6ರಷ್ಟು ಮತ, ಜೊತೆಗೆ ಇಬ್ಬರು ಶಾಸಕರು ಎಂಬುದು ರಾಜ್ಯ ಪಕ್ಷದ ಮಾನ್ಯತೆಗೆ ಇರುವ ದಾರಿಗಳಲ್ಲಿ ಒಂದು. ಮಾನ್ಯತೆ ಸಿಕ್ಕಿದರೆ ಚಿಹ್ನೆ ಕಾಯಂ ಆಗುತ್ತದೆ.

ಪ್ರಶ್ನೆ: ಸಣ್ಣ ಪಕ್ಷಗಳಲ್ಲಿ ಅಸಲಿ ಯಾವುದು, ಹೆಸರಿಗಷ್ಟೇ ಇರುವುದು ಯಾವುದು? – ಓದುಗರು, ಯಲಹಂಕ

ಉತ್ತರ: ಹೆಸರಿಗಷ್ಟೇ ಇರುವವು ಬಹಳ. ಆರು ವರ್ಷ ಒಂದು ಚುನಾವಣೆಗೂ ನಿಲ್ಲದ ನೂರಾರು ಪಕ್ಷಗಳನ್ನು ಚುನಾವಣಾ ಆಯೋಗ 2025ರಲ್ಲಿ ಪಟ್ಟಿಯಿಂದ ಕೈಬಿಟ್ಟಿತು. ಕರಪತ್ರ ಪಕ್ಕಕ್ಕಿಟ್ಟು ಅಭ್ಯರ್ಥಿಯ ಅಫಿಡವಿಟ್ ತೆರೆಯಿರಿ, ಆಯೋಗದ ಪೋರ್ಟಲ್‌ನಲ್ಲಿ ಎಲ್ಲರದ್ದೂ ಸಿಗುತ್ತದೆ. ಆಸ್ತಿಯ ಮೊತ್ತಕ್ಕೇ ಕಣ್ಣು ನೆಡಬೇಡಿ. ಕ್ರಿಮಿನಲ್ ಪ್ರಕರಣಗಳ ಕಲಂಗಳನ್ನು ಓದಿ: ಪ್ರತಿಭಟನೆಗೆ ಬಿದ್ದ ಕೇಸಿಗೂ ವಂಚನೆಯ ಕೇಸಿಗೂ ಅಜಗಜಾಂತರ. ಸರ್ಕಾರಕ್ಕೆ ಬಾಕಿ ಎಂಬ ಭಾಗವನ್ನೂ, ಐದು ವರ್ಷದ ಆದಾಯ ತೆರಿಗೆ ವಿವರವನ್ನೂ ನೋಡಿ.

ಅದಕ್ಕಿಂತ ದೊಡ್ಡ ಪ್ರಶ್ನೆ, ಗೆದ್ದ ಮೇಲೆ ಅವರು ಎಲ್ಲಿರುತ್ತಾರೆ ಎಂಬುದು. 2023ರಲ್ಲಿ ಗಂಗಾವತಿಯ ಒಂದೇ ಸ್ಥಾನ ಗೆದ್ದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 2024ರ ಮಾರ್ಚ್‌ನಲ್ಲಿ ಬಿಜೆಪಿಯಲ್ಲಿ ವಿಲೀನವಾಯಿತು. ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಗೆದ್ದದ್ದು ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲಿಸಿದಾಗ. ಎರಡೂ ಕಾನೂನುಬದ್ಧವೇ, ಆದರೆ ಮತದಾರನಿಗೆ ಮೊದಲೇ ಗೊತ್ತಿರಬೇಕು. ಪಕ್ಷೇತರ ಶಾಸಕ ಚುನಾವಣೆಯ ನಂತರ ಯಾವುದಾದರೂ ಪಕ್ಷ ಸೇರಿದರೆ ಸಂವಿಧಾನದ ಹತ್ತನೇ ಪರಿಚ್ಛೇದದ (ಪಕ್ಷಾಂತರ ನಿಷೇಧ) ಪ್ರಕಾರ ಸ್ಥಾನ ಹೋಗುತ್ತದೆ. ಸೇರದೆ ಹೊರಗಿಂದ ಬೆಂಬಲ ಕೊಡಲು ಅಡ್ಡಿಯಿಲ್ಲ. ಮನೆ ಬಾಗಿಲಿಗೆ ಬಂದಾಗ ನೇರವಾಗಿ ಕೇಳಿ: ‘ಯಾರಿಗೂ ಬಹುಮತ ಬರದಿದ್ದರೆ ನೀವು ಯಾರ ಕಡೆ?’ ಉತ್ತರ ಹಾರಿಸುವವರಿಗೆ ನಾನಾದರೆ ವೋಟು ಕೊಡುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ನೋಟಾ ಒತ್ತಿದರಾಗದೇ? – ಓದುಗರು, ರಾಜಾಜಿನಗರ

ಉತ್ತರ: ಸುಪ್ರೀಂ ಕೋರ್ಟ್ 2013ರಲ್ಲಿ ಕೊಡಿಸಿದ ಹಕ್ಕು ಅದು, ಒತ್ತಬಹುದು. ಆದರೆ ವಿಧಾನಸಭೆ, ಲೋಕಸಭೆಗಳಲ್ಲಿ ನೋಟಾಕ್ಕೇ ಹೆಚ್ಚು ಬಿದ್ದರೂ ನಂತರದವರೇ ಗೆದ್ದಂತೆ. ಠೇವಣಿ ಲೆಕ್ಕಕ್ಕೂ ಅದು ಸೇರದು. ಯೋಗ್ಯರೊಬ್ಬರು ಕಣದಲ್ಲಿದ್ದಾಗ ಅವರಿಗೇ ಹಾಕಿ.

ಪ್ರಶ್ನೆ: ಪಾಲಿಕೆ ಚುನಾವಣೆಗೂ ಇದೇ ಲೆಕ್ಕವೇ? – ಓದುಗರು, ಬಸವನಗುಡಿ

ಉತ್ತರ: ಅಲ್ಲ. ಸಣ್ಣ ಪಕ್ಷಕ್ಕೂ ಪಕ್ಷೇತರರಿಗೂ ನಿಜವಾದ ಅವಕಾಶ ವಾರ್ಡಿನಲ್ಲಿ. ವಾರ್ಡು ಚಿಕ್ಕದು, ಹಣಕ್ಕಿಂತ ಮುಖ ಪರಿಚಯ ನಡೆಯುತ್ತದೆ. 2015ರ ಬಿಬಿಎಂಪಿ (ಆಗಿನ ಬೆಂಗಳೂರು ಪಾಲಿಕೆ) ಚುನಾವಣೆಯ 198 ವಾರ್ಡುಗಳಲ್ಲಿ ಬಿಜೆಪಿಗೆ 100, ಕಾಂಗ್ರೆಸ್ಸಿಗೆ 76, ಜೆಡಿಎಸ್‌ಗೆ 14, ಇತರರಿಗೆ 8. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರೂ ಮತ ಹಾಕುವುದರಿಂದ ಆ ಬೆರಳೆಣಿಕೆಯ ಪಕ್ಷೇತರರ ಕೈ ಮೇಲಾಯಿತು. ಅವರ ಮತ್ತು ಜೆಡಿಎಸ್ ಬೆಂಬಲದಿಂದ ಮೇಯರ್ ಪಟ್ಟ ಕಾಂಗ್ರೆಸ್ಸಿಗೆ ಹೋಯಿತು. ಆ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೆಂಗಳೂರಿಗರು ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆಯೇ ಕಳೆಯಬೇಕಾಯಿತು. ಈ ನಗರಕ್ಕೆ ಆದ ದೊಡ್ಡ ಅನ್ಯಾಯಗಳಲ್ಲಿ ಅದೊಂದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಬದಲು ಐದು ಪಾಲಿಕೆಗಳಾಗಿವೆ, ಗಡಿಗಳು ಬದಲಾಗಿವೆ. ನಿಮ್ಮ ಮನೆ ಈಗ ಯಾವ ವಾರ್ಡು ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಮತಯಂತ್ರದಲ್ಲಿ ನಮ್ಮ ಅಭ್ಯರ್ಥಿಯ ಹೆಸರೇ ಬೇಗ ಸಿಗುವುದಿಲ್ಲ. – ಓದುಗರು, ಹೆಬ್ಬಾಳ

ಉತ್ತರ: ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಮಾನ್ಯತೆ ಪಡೆದ ಪಕ್ಷಗಳವರ ಹೆಸರು ಮೊದಲು, ನಂತರ ನೋಂದಾಯಿತ ಪಕ್ಷಗಳವರದು, ಆಮೇಲೆ ಪಕ್ಷೇತರರದು, ಕೊನೆಗೆ ನೋಟಾ. ಪ್ರತಿ ಗುಂಪಿನೊಳಗೆ ಅಕ್ಷರಾನುಕ್ರಮ. ಗುಂಡಿಗಳಿರುವ ಒಂದು ಯೂನಿಟ್ಟಿನಲ್ಲಿ ಹಿಡಿಸುವುದು ನೋಟಾ ಸೇರಿ 16 ಹೆಸರು, ಆದ್ದರಿಂದ ನಿಮ್ಮವರು ಎರಡನೇ ಯೂನಿಟ್ಟಿನಲ್ಲೂ ಇರಬಹುದು. ಮಾನ್ಯತೆಯಿಲ್ಲದ ಪಕ್ಷದ ಚಿಹ್ನೆ ಕಳೆದ ಸಲದ್ದೇ ಇರುತ್ತದೆಂಬ ಖಾತ್ರಿಯಿಲ್ಲ. ಈ ಸಲ ಅದು ಬೇರೆಯವರ ಪಾಲಾಗಿರಬಹುದು. ಹೆಸರಿನ ಪಕ್ಕದ ಫೋಟೋ ನೋಡಿಯೇ ಒತ್ತಿ, ವಿವಿಪ್ಯಾಟ್ (ವೋಟು ಯಾರಿಗೆ ಬಿತ್ತೆಂದು ಚೀಟಿಯಲ್ಲಿ ತೋರಿಸುವ ಯಂತ್ರ) ಕಿಟಕಿಯಲ್ಲಿ 7 ಸೆಕೆಂಡ್ ಕಾಣುವ ಚೀಟಿಯಲ್ಲಿ ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರನ್ನೂ ಓದಿ.