ಶಾಲಾ ಮಕ್ಕಳಿಗೆ ನಮ್ಮೂರಿನ ಕಾಡುಗಿಡಗಳ ಹಳೆಯ ಉಪಯೋಗಗಳನ್ನು ಹೇಗೆ ಕಲಿಸುವುದು?

ಹೆಸರಿನ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ಗಿಡದ ಹತ್ತಿರವೇ ಕರೆದುಕೊಂಡು ಹೋಗಿ. ಮಲೆನಾಡಿನ ಕಡೆಯಾದರೆ ಒಂದೆಲಗದಿಂದ ಶುರು ಮಾಡಿ. ಕರಾವಳಿಯಲ್ಲಿ ಇದನ್ನೇ ತಿಮರೆ ಅಂತಾರೆ. ತೇವ ಇರುವ ಕಡೆ ನೆಲಕ್ಕಂಟಿ ಹಬ್ಬುತ್ತದೆ. ಎಲೆಯನ್ನು ಚೆನ್ನಾಗಿ ತೊಳೆದು, ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಬಿಸಿ ಅನ್ನಕ್ಕೆ ಕಲಸಿ ತಿಂದ ಮಗು ಆ ಗಿಡವನ್ನು ಮರೆಯಲ್ಲ.

ಆಮೇಲೆ ಅಂಟುವಾಳ. ಒಣಕಾಯಿಯ ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಮಕ್ಕಳ ಕೈಯಲ್ಲೇ ಕಿವುಚಿಸಿ. ಬಕೆಟ್ ತುಂಬ ನೊರೆ ಬರುತ್ತದೆ! ಅಜ್ಜಿಯರು ರೇಷ್ಮೆ ಸೀರೆ ಒಗೆಯುತ್ತಿದ್ದದ್ದು ಇದರಲ್ಲೇ ಅಲ್ವಾ? ಸಿಪ್ಪೆಯಲ್ಲಿರುವ ಸಪೋನಿನ್ ಅನ್ನೋ ನೊರೆ ಬರಿಸುವ ವಸ್ತು ಕೊಳೆ ಬಿಡಿಸುತ್ತದೆ ಅಂತ ಆಗ ಹೇಳಿದರೆ ವಿಜ್ಞಾನವೂ ಮನಸ್ಸಿಗೆ ಹತ್ತುತ್ತದೆ. ನೀರು ಕಣ್ಣಿಗೆ ಹೋದರೆ ಉರಿಯುತ್ತದೆ, ನೋಡಿಕೊಳ್ಳಿ.

ವಿಷದ ಗಿಡಗಳನ್ನು ಮಾತ್ರ ಬಿಡಲೇಬೇಡಿ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ನೋಡಲು ಎಷ್ಟು ಚೆಂದ! ಅದನ್ನು ಜಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಎಕ್ಕದ ಹಾಲು ಕಣ್ಣಿಗೆ ಅಪಾಯ. ಗಿಡ ಬಲ್ಲ ದೊಡ್ಡವರು ಹೇಳದೆ ಯಾವ ಎಲೆ, ಕಾಯಿಯನ್ನೂ ಬಾಯಿಗಿಡಬಾರದು. ಇದನ್ನು ಮೊದಲ ದಿನವೇ ಹೇಳಿಬಿಡಿ.

ಊರಿನ ಅಜ್ಜಿಯೊಬ್ಬರನ್ನು ತರಗತಿಗೆ ಕರೆದರೆ ಇನ್ನೂ ಒಳ್ಳೆಯದು.