ಮುಖಪುಟದ ಗರುಡ ಬಿಡಿಸಿದ್ದು ಯಾರು?

ಪತ್ರ: ಹೋದ ತಿಂಗಳ ಮುಖಪುಟದ ಗರುಡನ ಕೆಳಗೆ ‘ಕಿನ್ನಾಳ ಶೈಲಿ’ ಅಂತ ಹಾಕಿದ್ದೀರಿ. ನಮ್ಮ ಕಿನ್ನಾಳ ಕೊಪ್ಪಳ ಜಿಲ್ಲೆಯ ಮರದ ಗೊಂಬೆಗಳ ಊರು. ಇಲ್ಲಿನ ಚಿತ್ರಗಾರರ ಓಣಿಯಲ್ಲಿ ಮನೆಮನೆ ಕೇಳಿದೆ. ನಾವಲ್ಲ ಅಂದರು. ಎಐ ಚಿತ್ರವೇ? ಹೌದಾದರೆ ಹೇಳಲಿಲ್ಲ ಯಾಕೆ?
– ಕಿನ್ನಾಳದ ಓದುಗರು (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಮಸ್ಕಾರ ಸರ್. ಹೌದು, ಎಐ ಚಿತ್ರವೇ. ಹೇಳದೇ ಹೋದದ್ದು ನನ್ನ ತಪ್ಪು.

ಚಿತ್ರ ಒಪ್ಪಿಕೊಂಡಿದ್ದ ಕಲಾವಿದರು ಜ್ವರದಲ್ಲಿ ಮಲಗಿದರು. ಪ್ರೆಸ್ಸಿಗೆ ಕಳಿಸಲು ಒಂದೇ ರಾತ್ರಿ ಉಳಿದಿತ್ತು. ಬಳ್ಳಾರಿಯ ಆಫೀಸಿನಲ್ಲಿ ಕೂತು ನಾನೇ ‘ಕಿನ್ನಾಳ ಗರುಡ, ಕೆಂಪು, ಹಳದಿ’ ಅಂತ ಟೈಪ್ ಮಾಡಿದೆ. ನಿಮಿಷದೊಳಗೆ ನಾಲ್ಕು ಗರುಡ ಬಂದವು. ಒಂದಕ್ಕೆ ಮೂರು ರೆಕ್ಕೆ! ಇದ್ದುದರಲ್ಲಿ ನೆಟ್ಟಗಿದ್ದದ್ದನ್ನು ಆರಿಸಿದೆ. ಕಲಾವಿದರ ಹೆಸರಿನ ಜಾಗ ಖಾಲಿ ಕಾಣುತ್ತಿತ್ತು, ಸುಮ್ನೆ ‘ಕಿನ್ನಾಳ ಶೈಲಿ’ ಅಂತ ತುಂಬಿದೆ. ಕೊಡಬೇಕಿದ್ದ ಸಂಭಾವನೆಯೂ ಉಳಿಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಎಐ ಬಳಸಿದ್ದಕ್ಕಿಂತ ಆ ಎರಡು ಪದವೇ ಈಗ ಜಾಸ್ತಿ ಚುಚ್ಚುತ್ತಿದೆ. ನಿಮ್ಮೂರಲ್ಲಿ ಗೊಂಬೆಗೆ ಹಗುರ ಮರ ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಕಿಟ್ಟ ಮಾಡುತ್ತಾರೆ. ಅದನ್ನು ಕೈಯಲ್ಲೇ ಮೈತುಂಬ ಮೆತ್ತಿ, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸುತ್ತಾರೆ. ಬಣ್ಣದ ಸರದಿ ಆಮೇಲೆ. ಈ ಹೆಸರಿಗೆ ಜಿಐ ಟ್ಯಾಗ್ (ಊರಿನ ಹೆಸರು ಕಾಯುವ ಕಾನೂನಿನ ಗುರುತು) ಇದೆ. ಬೇರೆ ಕಡೆ ಮಾಡಿದ ಗೊಂಬೆಯನ್ನು ಕಿನ್ನಾಳದ್ದು ಅಂತ ಮಾರುವಂತಿಲ್ಲ. ಮುಖಪುಟ ಗೊಂಬೆಯಲ್ಲ, ಕಾನೂನು ನಮ್ಮ ಬಾಗಿಲಿಗೆ ಬರಲಿಕ್ಕಿಲ್ಲ. ಆದರೆ ಇಲ್ಲದ ಕಲಾವಿದನನ್ನು ಹುಡುಕಿಕೊಂಡು ನೀವು ಮನೆಮನೆ ಅಲೆದಿರಲ್ಲ, ಅದಕ್ಕೆ ನಾನೇ ಹೊಣೆ.

ಇನ್ನು ಮುಂದೆ ಕಲಾವಿದರ ಹೆಸರು ಬರುವ ಜಾಗದಲ್ಲೇ, ಅದೇ ಅಕ್ಷರದಲ್ಲಿ ‘ಇದು ಎಐ ಚಿತ್ರ’ ಅಂತ ಹಾಕುತ್ತೇವೆ. ತಂತ್ರಾಂಶದ ಹೆಸರು ಬರೆದರೆ ಸಾಲದು. 2022ರಲ್ಲಿ ಅಮೆರಿಕದ ಕೊಲರಾಡೊ ಮೇಳದಲ್ಲಿ ಜೇಸನ್ ಅಲೆನ್ ಅವರ ಚಿತ್ರಕ್ಕೆ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಬಂತು. ಅವರು ಚಿತ್ರ ಬಿಡಿಸುವ ತಂತ್ರಾಂಶ ಮಿಡ್‌ಜರ್ನಿಯ ಹೆಸರನ್ನು ಬರೆದೇ ಕೊಟ್ಟಿದ್ದರು. ಅದು ಎಐ ಅಂತ ತೀರ್ಪುಗಾರರಿಗೇ ಗೊತ್ತಾಗಿರಲಿಲ್ಲ. ಜಾಲತಾಣಗಳಿಗೆಂದು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ತಂದ ಕರಡು ನಿಯಮದಲ್ಲಂತೂ ಇಂಥ ಗುರುತಿಗೆ ಚಿತ್ರದ ಶೇ 10ರಷ್ಟು ಜಾಗ ಕೇಳಿತ್ತು. ನಮ್ಮ ಪುಟಕ್ಕೆ ಅಷ್ಟು ಬೇಡ. ಗರುಡನ ಪಾದವೇ ಮುಚ್ಚಿಹೋಗುತ್ತೆ.

ನಿಮ್ಮ ಪತ್ರ ಓದಿದ ನಮ್ಮ ಕಲಾವಿದೆಯೊಬ್ಬರು, ‘ಗುಡಿ ನಾನು ಬಿಡಿಸಿ ಆಕಾಶ ಮಾತ್ರ ಎಐಗೆ ಬಿಟ್ಟರೆ?’ ಅಂದರು. ಹಾಗಂತಲೇ ಬರೆಯೋಣ ಅಂದೆ. ಚಿತ್ರದ ಮೇಲಿನ ಚುಕ್ಕೆ ಅಳಿಸೋದು, ಬಣ್ಣ ತಿದ್ದೋದು ಮೊದಲಿಂದ ನಡೆದಿದೆ, ಅದಕ್ಕೆ ಗುರುತು ಬೇಕಿಲ್ಲ. ಇವೆರಡರ ನಡುವಿನದು ಬಂದಾಗ ತಲೆಬಿಸಿ ಇದ್ದದ್ದೇ, ಅಲ್ವಾ?

ಈ ಸಂಚಿಕೆಯ 2ನೇ ಪುಟದಲ್ಲಿ ತಿದ್ದುಪಡಿ ಇದೆ. ದೀಪಾವಳಿ ಮುಖಪುಟಕ್ಕೆ ನಿಮ್ಮ ಓಣಿಗೇ ಬರುತ್ತೇವೆ, ಸಂಭಾವನೆ ಮೊದಲೇ ಮಾತಾಡಿಕೊಂಡು. ಗೊಂಬೆ ಒಣಗಲು ಎಷ್ಟು ದಿನ ಬೇಕು ಅಂತ ಕೇಳಿ ತಿಳಿಸ್ತೀರಾ?

– ಸಂಪಾದಕ