ಒಳಗೆ ಹೋದ ಕಣ ಆಮೇಲೆ ಎಲ್ಲಿಗೆ ಹೋಯ್ತು?

ನಮಸ್ಕಾರ. ಹೊಳೆಯೋ ನ್ಯಾನೋಕಣಗಳನ್ನ ದೇಹದೊಳಗೆ ಬಿಟ್ಟು ಗೆಡ್ಡೆ ಹುಡುಕೋದರ ಬಗ್ಗೆ ನೀವು ಕಳಿಸಿದ ಲೇಖನ ಮತ್ತೆ ಮತ್ತೆ ಓದಿದೆ. ಭಾಷೆ ಚೆನ್ನಾಗಿದೆ, ಕ್ವಾಂಟಮ್ ಡಾಟ್ ಅನ್ನೋ ಹೊಳೆಯೋ ಅರೆವಾಹಕ ನ್ಯಾನೋಕಣಕ್ಕೆ 2023ರ ಕೆಮಿಸ್ಟ್ರಿ ನೊಬೆಲ್ ಬಂದದ್ದರಿಂದ ಶುರು ಮಾಡಿದ್ದೂ ಸರಿ. ಆದ್ರೆ ಎರಡು ವಾಕ್ಯ ನನ್ನ ನಿದ್ದೆಗೆಡಿಸಿವೆ, ಹೇಳದೆ ಬಿಡೋಕಾಗಲ್ಲ.

ಮೊದಲನೇದು, "ದೇಹದ ಯಾವ ಮೂಲೆಯಲ್ಲಿ ಕ್ಯಾನ್ಸರ್ ಅಡಗಿದ್ದರೂ ಈ ಕಣಗಳು ಮಿನುಗಿ ತೋರಿಸುತ್ತವೆ." ಮಿನುಗ್ತವೆ, ಒಪ್ಪಿದೆ, ಆ ಬೆಳಕು ಹೊರಗೆ ಬರ್ಬೇಕಲ್ಲ? ಕತ್ತಲೇಲಿ ಅಂಗೈ ಹಿಂದೆ ಟಾರ್ಚ್ ಹಿಡಿದು ನೋಡಿ, ಬೆರಳಂಚು ಕೆಂಪಗೆ ಕಾಣುತ್ತೆ, ಯಾಕಂದ್ರೆ ನೀಲಿ ಹಸಿರನ್ನೆಲ್ಲ ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತೆ. ಅದಕ್ಕೇ ಈ ಕೆಲಸದವರು ಸುಮಾರು 650ರಿಂದ 950 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ತರಂಗಾಂತರದ, ಅಂದ್ರೆ ಕೆಂಪು ಮತ್ತು ಅದರಾಚೆಗಿನ ಬೆಳಕಿನ ಹಿಂದೆ ಬಿದ್ದಿರೋದು, ಈಗೀಗ 1000 ದಾಟಿದ ಕಡೆಗೂ ಹೋಗಿದಾರೆ. ಅಷ್ಟು ಮಾಡಿದ್ರೂ ಆಳ ಕೆಲವೇ ಸೆಂಟಿಮೀಟರ್. ಹೊಟ್ಟೆಯ ಹಿಂಭಾಗದಲ್ಲಿರೋ ಮೇದೋಜೀರಕ ಗ್ರಂಥಿಯ ಗೆಡ್ಡೆ ಚರ್ಮದ ಮೇಲಿಂದ ಕಾಣಲ್ಲ. ಆಪರೇಷನ್‌ಗೆ ಅಂತ ಹೊಟ್ಟೆ ತೆರೆದಾಗ ಗೆಡ್ಡೆಯ ಅಂಚು ಎಲ್ಲಿಗೆ ಮುಗಿಯುತ್ತೆ, ಎಲ್ಲಿವರೆಗೆ ಕತ್ತರಿಸಬೇಕು ಅಂತ ಸರ್ಜನ್‌ಗೆ ತೋರಿಸೋಕೆ ಇಂಥ ಬೆಳಕು ಒದಗುತ್ತೆ. ಅದು ಎಷ್ಟು ದೊಡ್ಡ ವಿಷಯ, ಅದನ್ನೇ ನೀವು ಬರೆದಿಲ್ಲ!

ಎರಡನೇದು, "ಕೆಲಸ ಮುಗಿದ ಮೇಲೆ ಕಣಗಳು ತಾವಾಗಿಯೇ ಹೊರಹೋಗುತ್ತವೆ." ಇದನ್ನ ಓದಿ ನನಗೆ ಸಿಟ್ಟೇ ಬಂತು. ಕಿಡ್ನಿ ಸೋಸಿ ಮೂತ್ರಕ್ಕೆ ಬಿಡೋದು ಸುಮಾರು 5.5 ನ್ಯಾನೋಮೀಟರ್‌ಗಿಂತ ಸಣ್ಣ ಕಣಗಳನ್ನ, ಅದೂ ಮೇಲಿನ ಕೋಟಿಂಗ್ ಸೇರಿ. ದೊಡ್ಡವನ್ನ ಲಿವರು, ಸ್ಪ್ಲೀನು (ಗುಲ್ಮ) ಹಿಡಿದಿಟ್ಟುಕೊಳ್ತವೆ, ತಿಂಗಳುಗಟ್ಟಲೆ ಅಲ್ಲೇ ಉಳೀಬಹುದು. ನೀವು ಹೊಗಳಿರೋ ಕ್ವಾಂಟಮ್ ಡಾಟ್ ಒಳಗಿರೋದು ಕ್ಯಾಡ್ಮಿಯಂ ಅನ್ನೋ ವಿಷಲೋಹ ಸೇರಿದ ಕ್ಯಾಡ್ಮಿಯಂ ಸೆಲೆನೈಡ್, ಕವಚ ಸವೆದು ಕ್ಯಾಡ್ಮಿಯಂ ಸೋರಿದ್ರೆ ಕಿಡ್ನಿಗೇ ವಿಷ. ಇಲಿಗಳಲ್ಲಿ ಅಷ್ಟು ಚೆಂದದ ಚಿತ್ರ ಬಂದ್ರೂ ಅವು ರೋಗಿಗಳವರೆಗೆ ಬಂದು ಮುಟ್ಟದೆ ಇರೋಕೆ ಇದೊಂದು ದೊಡ್ಡ ಕಾರಣ. ಸ್ಕ್ಯಾನ್‌ಗೆ ಹೊರಟ ರೋಗಿ ನಿಮ್ಮ ಆ ವಾಕ್ಯಾನ ನಂಬ್ತಾರೆ, ಅದನ್ನ ಮರೀಬೇಡಿ.

ನಾನು ಕೆಲಸ ಕಲಿತ ಪತ್ರಿಕೇಲಿ ಒಬ್ಬ ಹಿರಿಯರಿದ್ರು, ನಮ್ಮ ಕಾಪಿ ತಗೊಂಡು ಎಲ್ಲರ ಮುಂದೆ ಜೋರಾಗಿ ಓದೋರು, ಔಷಧಿ ಅಂತ ಬಂದ ಕಡೆಯೆಲ್ಲ ನಿಲ್ಲಿಸಿ "ಒಳಗೆ ಹೋಯ್ತು, ಸರಿ, ಆಮೇಲೆ ಎಲ್ಲಿಗೆ ಹೋಯ್ತು?" ಅಂತ ಕೇಳೋರು, ಉತ್ತರ ಬರೋವರೆಗೂ ಪುಟ ತಿರುಗಿಸ್ತಿರಲಿಲ್ಲ, ನಾವು ಲೈಬ್ರರಿಗೆ ಓಡ್ತಿದ್ವಿ. ಬರೆಯೋದಂದ್ರೆ ಏನು ಅಂತ ನನಗೆ ಗೊತ್ತಾಗಿದ್ದು ಅವರ ಮೇಜಿನ ಮುಂದೆ ನಿಂತೇ.

ಉಳಿದ ಪ್ಯಾರಾಗಳನ್ನ ಮುಟ್ಟಬೇಡಿ. ಆಳದ್ದೊಂದು, ಹೊರಹೋಗೋದೊಂದು, ಇವೆರಡನ್ನ ಹೊಸದಾಗಿ ಬರೆದು ಕಳ್ಸಿ, ಮುಂದಿನ ಸಂಚಿಕೇಲಿ ಜಾಗ ಇಟ್ಟಿರ್ತೀನಿ.